ಬಹುಮಾನ ಆಮೇಲೆ, ಪರೀಕ್ಷೆ ಮೊದಲು

ಸವಾಲು ಬಹುಮಾನ ಇಟ್ಟು ಸಾರ್ವಜನಿಕರಿಗೆ ಬೇಕಾದ ತಂತ್ರಜ್ಞಾನವನ್ನು ಹೊರತರಬಹುದೇ ಎಂಬ ವಿಷಯದ ಮೇಲೆ ಓದುಗರಿಂದ ಪ್ರಶ್ನೆ ಆಹ್ವಾನಿಸಿದ್ದೆವು. ಎಷ್ಟು ಹಣ ಇಡಬೇಕು ಎಂದು ಕೇಳಿದವರೇ ಹೆಚ್ಚು. ಗೆದ್ದವರು ಗೆದ್ದರೆಂದು ತಿಳಿಯುವುದು ಹೇಗೆ ಎಂದು ಕೇಳಿದವರು ಕಡಿಮೆ. ನಮ್ಮ ಉತ್ತರಗಳಲ್ಲಿ ಎರಡನೆಯದಕ್ಕೇ ಹೆಚ್ಚು ಜಾಗ ಹೋಗಿದೆ.

ಪ್ರ: ಹ್ಯಾಕಥಾನ್, ಅನುದಾನ, ಟೆಂಡರ್, ಸವಾಲು ಬಹುಮಾನ – ಹೆಸರು ಬೇರೆ, ಕೆಲಸ ಒಂದೇ ಅಲ್ಲವೇ? (ಮಲ್ಲೇಶ್ವರದ ಓದುಗರು)

ಉ: ಹಣ ಯಾವಾಗ ಕೈ ಬದಲಾಗುತ್ತದೆ ಎಂದು ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ. ಅನುದಾನದಲ್ಲಿ ಭರವಸೆ ನಂಬಿ ಮೊದಲೇ ಹಣ ಕೊಡುತ್ತಾರೆ. ಟೆಂಡರ್‌ನಲ್ಲಿ ಏನು ಬೇಕು ಎಂಬುದು ಕೊಳ್ಳುವವರಿಗೆ ಗೊತ್ತಿರುತ್ತದೆ, ಯಾರು ಎಷ್ಟಕ್ಕೆ ಕೊಡುತ್ತಾರೆ ಎಂಬುದಷ್ಟೇ ಉಳಿದ ಪ್ರಶ್ನೆ. ಸವಾಲು ಬಹುಮಾನದಲ್ಲಿ ಏನು ಆಗಬೇಕು ಎಂದು ಗೊತ್ತು, ಹೇಗೆ ಎಂದು ಗೊತ್ತಿಲ್ಲ. ಮಾಡಿ ತೋರಿಸಿದ ಮೇಲೆ ಹಣ. ಒಂದೆರಡು ದಿನ ತಂಡಗಳು ಒಟ್ಟಿಗೆ ಕೂತು ಏನಾದರೂ ಕಟ್ಟಿ ತೋರಿಸುವ ಹ್ಯಾಕಥಾನ್ ಎಂದರೆ ಜಾತ್ರೆ. ಜನ ಸೇರುತ್ತಾರೆ, ಪರಿಚಯವಾಗುತ್ತದೆ, ಒಂದಷ್ಟು ಹೊಸ ಯೋಚನೆ ಹುಟ್ಟುತ್ತದೆ. ಜಾತ್ರೆ ಬೇಡ ಎನ್ನುವವರು ನಾವಲ್ಲ, ಆದರೆ ಅದನ್ನೇ ಸುಗ್ಗಿ ಎಂದುಕೊಂಡರೆ ಕಣಜ ತುಂಬುವುದಿಲ್ಲ.

ಒಳ್ಳೆಯ ಸವಾಲು ಹೇಗಿರುತ್ತದೆ ಎಂಬುದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. 2018ರ ನವೆಂಬರ್‌ನಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, ಅಮೆರಿಕದ ಇಂಧನ ಸಂಶೋಧನಾ ಸಂಸ್ಥೆ ರಾಕಿ ಮೌಂಟನ್ ಇನ್‌ಸ್ಟಿಟ್ಯೂಟ್ ಮತ್ತು ಶುದ್ಧ ಇಂಧನಕ್ಕಾಗಿ ಹಲವು ದೇಶಗಳು ಕಟ್ಟಿಕೊಂಡ ಮಿಷನ್ ಇನ್ನೊವೇಷನ್ ಸೇರಿ ‘ಗ್ಲೋಬಲ್ ಕೂಲಿಂಗ್ ಪ್ರೈಜ್’ ಘೋಷಿಸಿದವು. ‘ಪರಿಸರಸ್ನೇಹಿ ಏಸಿ ಮಾಡಿ’ ಎಂದು ಬಿಟ್ಟಿದ್ದರೆ ಸಾವಿರ ಚಿತ್ರಗಳು ಬರುತ್ತಿದ್ದವು. ಅವರು ಕೇಳಿದ್ದು ಇದು: ಮಾರುಕಟ್ಟೆಯ ಸಾಮಾನ್ಯ ಏಸಿಗಿಂತ ಹವಾಮಾನದ ಮೇಲಿನ ಪರಿಣಾಮ ಐದು ಪಟ್ಟು ಕಡಿಮೆ ಇರಬೇಕು, ಬೆಲೆ ಎರಡು ಪಟ್ಟು ಮೀರಬಾರದು, ಪೂರ್ತಿ ಓಡುವಾಗಲೂ 700 ವಾಟ್ ದಾಟಬಾರದು, ನೀರು ಬಳಸುವುದಾದರೆ ದಿನಕ್ಕೆ ಸರಾಸರಿ 14 ಲೀಟರ್, ಕೋಣೆ 27 ಡಿಗ್ರಿ ಮತ್ತು ಶೇ 60 ಆರ್ದ್ರತೆಯ ಒಳಗೆ ಇರಬೇಕು. ಅಂತಿಮ ಸುತ್ತಿನ ಎಂಟು ತಂಡಗಳಿಗೆ ಯಂತ್ರ ಕಟ್ಟಲು ತಲಾ 2 ಲಕ್ಷ ಡಾಲರ್. ಪರೀಕ್ಷೆ ನಡೆದದ್ದು ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಮತ್ತು ಮುಂಬೈ ಬಳಿಯ ಪಲಾವಾದ ಫ್ಲ್ಯಾಟ್‌ಗಳಲ್ಲಿ. 2021ರ ಏಪ್ರಿಲ್‌ನಲ್ಲಿ ಏಸಿ ಕಂಪನಿಗಳಾದ ಗ್ರೀ ಮತ್ತು ಡೈಕಿನ್ ಮುಂದಾಳತ್ವದ ಎರಡು ತಂಡಗಳು ಗೆದ್ದವು. ಆ ಷರತ್ತುಗಳಲ್ಲಿ ಬೆಲೆಯದನ್ನು ಇನ್ನೊಮ್ಮೆ ಓದಿ. ಅದೊಂದು ಇಲ್ಲದಿದ್ದರೆ ಗೆದ್ದ ಯಂತ್ರ ವಸ್ತುಪ್ರದರ್ಶನಕ್ಕೆ ಮಾತ್ರ ಲಾಯಕ್ಕಾಗಿರುತ್ತಿತ್ತು.

ಪ್ರ: ನಮ್ಮದು ಪೀಣ್ಯದಲ್ಲಿ ಕಾರ್ಖಾನೆ ಇರುವ ಕಂಪನಿ. ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಹೊಣೆಗಾರಿಕೆ) ಹಣದಲ್ಲಿ 40 ಲಕ್ಷ ರೂಪಾಯಿ ಎತ್ತಿಟ್ಟು, ಕೋಲಾರ–ಚಿಕ್ಕಬಳ್ಳಾಪುರದ ಪಂಚಾಯಿತಿಗಳಲ್ಲಿ ನೀರುಗಂಟಿಯೇ ಕೊಳವೆಬಾವಿ ನೀರಿನ ಫ್ಲೋರೈಡ್ ನೋಡಬಲ್ಲ ಅಗ್ಗದ ಕಿಟ್‌ಗೆ ಬಹುಮಾನ ಇಡಬೇಕೆಂದಿದ್ದೇವೆ. ಇಡೀ 40 ಲಕ್ಷವನ್ನೂ ಮೊದಲ ಬಹುಮಾನವಾಗಿ ಘೋಷಿಸಿದರೆ ಹೆಚ್ಚು ಜನ ಬರುತ್ತಾರಲ್ಲವೇ? (ಸಿಎಸ್‌ಆರ್ ಸಮಿತಿಯ ಸದಸ್ಯರು)

ಉ: ಪತ್ರಿಕೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರುತ್ತದೆ, ನಿಜ. ಕಿಟ್ ಬರುವುದಿಲ್ಲ. ನಾವು ಹೀಗೆ ಹಂಚುತ್ತೇವೆ: ಅಂತಿಮ ಬಹುಮಾನ 15 ಲಕ್ಷ, ಮೊದಲ ಸುತ್ತು ದಾಟಿದ ಐದು ತಂಡಗಳಿಗೆ ಮಾದರಿ ಮಾಡಲು ತಲಾ ಒಂದೂವರೆ ಲಕ್ಷದಂತೆ 7.5 ಲಕ್ಷ, ಪ್ರಯೋಗಾಲಯದ ಪರೀಕ್ಷೆಗೆ 8 ಲಕ್ಷ, ಹತ್ತು ಪಂಚಾಯಿತಿಗಳ ಪ್ರಯೋಗಕ್ಕೆ 4 ಲಕ್ಷ, ಪ್ರಚಾರ, ಕಾನೂನು ಸಲಹೆ, ಓಡಾಟಕ್ಕೆ 2 ಲಕ್ಷ. ಉಳಿದ 3.5 ಲಕ್ಷ ಮುಟ್ಟಬೇಡಿ. ಒಂದು ಪರೀಕ್ಷೆ ಕೆಟ್ಟು ಮತ್ತೆ ಮಾಡಬೇಕಾಗಿ ಬಂದೇ ಬರುತ್ತದೆ.

ಐದು ತಂಡಗಳಿಗೆ ಮುಂಚಿತ ಹಣ ಯಾಕೆ? ಕೈಯಲ್ಲಿ ಕಾಸಿಲ್ಲದ ಎರಡು–ಮೂರು ಜನರ ತಂಡ ಎಂಟು ತಿಂಗಳು ಸ್ವಂತ ಖರ್ಚಿನಲ್ಲಿ ದುಡಿಯಲಾರದು. ಗೆದ್ದರೆ ಮಾತ್ರ ಹಣ ಎಂದರೆ ಉಳಿಯುವವರು ಆಗಲೇ ಕಿಟ್ ಮಾರುತ್ತಿರುವ ದೊಡ್ಡ ಕಂಪನಿಗಳು.

ಈಗ ಮುಖ್ಯ ಭಾಗ. ‘ನಿಖರವಾದ, ಕೈಗೆಟುಕುವ, ಬಳಕೆಗೆ ಸುಲಭವಾದ ಕಿಟ್’ ಎಂದು ಬರೆದರೆ ಮೂರು ಗುಣವಾಚಕ ಸಿಕ್ಕವು, ಷರತ್ತು ಒಂದೂ ಸಿಗಲಿಲ್ಲ. ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರ್‌ಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರ ತನಕ ಒಪ್ಪಬಹುದು. ಹಾಗಾಗಿ ಮೊದಲ ಷರತ್ತು: 1.5 ಮೀರಿದ ನೀರನ್ನು ಕಿಟ್ ‘ಪರವಾಗಿಲ್ಲ’ ಎನ್ನಬಾರದು. ಇಷ್ಟಕ್ಕೇ ನಿಲ್ಲಿಸಿದರೆ ಒಬ್ಬ ಜಾಣ ಬಂದು, ಯಾವ ನೀರು ಹಾಕಿದರೂ ಕೆಂಪು ತೋರಿಸುವ ಡಬ್ಬಿ ಕೊಟ್ಟು ಬಹುಮಾನ ಕೇಳುತ್ತಾನೆ, ನಿಯಮದ ಪ್ರಕಾರ ಕೊಡಲೇಬೇಕಾಗುತ್ತದೆ. ಆದ್ದರಿಂದ ಎರಡನೆಯ ಷರತ್ತು: ಒಳ್ಳೆಯ ನೀರಿನ 60 ಮಾದರಿಗಳಲ್ಲಿ ಸುಳ್ಳು ಎಚ್ಚರಿಕೆ ಆರನ್ನು ಮೀರಬಾರದು. ನಿಯಮ ಬರೆದವರೇ ಒಂದು ಸಂಜೆ ಕೂತು ‘ಸಮಸ್ಯೆ ಬಗೆಹರಿಸದೆ ಗೆಲ್ಲುವುದು ಹೇಗೆ’ ಎಂದು ಯೋಚಿಸಬೇಕು. ಅಥವಾ ಕರಡನ್ನು ಪ್ರಕಟಿಸಿ 21 ದಿನ ಆಕ್ಷೇಪಣೆ ಕರೆಯಿರಿ. ಜನ ಖುಷಿಯಿಂದ ಮಾಡಿಕೊಡುತ್ತಾರೆ.

60 ಎಂಬ ಅಂಕಿ ಸುಮ್ಮನೆ ಬಂದದ್ದಲ್ಲ. ಕೆಟ್ಟ ನೀರಿನ ಹತ್ತು ಮಾದರಿ ಕೊಟ್ಟಾಗ ಕಿಟ್ ಒಂದನ್ನೂ ತಪ್ಪಿಸಿಕೊಳ್ಳಲಿಲ್ಲ ಎನ್ನಿ. ಅಷ್ಟರಿಂದ ಅದು ಎಂದೂ ತಪ್ಪುವುದಿಲ್ಲ ಎಂದು ಹೇಳಲು ಬರುವುದಿಲ್ಲ. ಸಂಖ್ಯಾಶಾಸ್ತ್ರದಲ್ಲಿ ‘ಮೂರರ ನಿಯಮ’ ಎಂದೊಂದಿದೆ: ಎನ್ ಸಲ ನೋಡಿ ಒಮ್ಮೆಯೂ ತಪ್ಪಾಗದಿದ್ದರೆ, ನಿಜವಾದ ತಪ್ಪಿನ ಪ್ರಮಾಣ ಸುಮಾರು 3/ಎನ್‌ಗಿಂತ ಕಡಿಮೆ ಎಂದು ಶೇ 95 ಭರವಸೆಯಿಂದ ಹೇಳಬಹುದು. ಹತ್ತು ಮಾದರಿಗೆ ಅದು ಶೇ 30. ಕರಾರುವಾಕ್ಕಾಗಿ ಲೆಕ್ಕ ಹಾಕಿದರೂ ಶೇ 26ರ ಹತ್ತಿರ. ಅಂದರೆ ನಾಲ್ಕು ವಿಷಪೂರಿತ ಬಾವಿಗಳಲ್ಲಿ ಒಂದನ್ನು ಬಿಟ್ಟುಬಿಡುವ ಕಿಟ್ ಕೂಡ ಅದೃಷ್ಟದಿಂದ ಪಾಸಾಗಬಹುದು. ಶೇ 5ಕ್ಕಿಂತ ಕಡಿಮೆ ಎನ್ನಬೇಕಾದರೆ ಕೆಟ್ಟ ನೀರಿನದೇ 60 ಮಾದರಿ ಬೇಕು, ಒಂದೂ ತಪ್ಪಬಾರದು. ಒಳ್ಳೆಯ ನೀರಿನ 60 ಬೇರೆ. ಐದು ತಂಡಕ್ಕೆ 600 ಪರೀಕ್ಷೆ. ಎಂಟು ಲಕ್ಷ ಎಲ್ಲಿ ಹೋಗುತ್ತದೆ ಎಂದು ಈಗ ತಿಳಿಯಿತಲ್ಲ.

ಮಾದರಿಗಳ ಬಗ್ಗೆ ಇನ್ನಷ್ಟು. 1.3ರಿಂದ 1.7ರ ನಡುವಿನ ನೀರನ್ನು ಹೌದು–ಅಲ್ಲ ಲೆಕ್ಕಕ್ಕೆ ಸೇರಿಸಬೇಡಿ; ಅಲ್ಲಿ ಪ್ರಯೋಗಾಲಯದ ಅಳತೆಗೇ ಅಲುಗಾಟ ಇರುತ್ತದೆ, ಜಗಳ ಮಾತ್ರ ಉಳಿಯುತ್ತದೆ. ಹೋಲಿಕೆಯ ಅಳತೆಯನ್ನು ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯದಲ್ಲಿ ಫ್ಲೋರೈಡ್ ಎಲೆಕ್ಟ್ರೋಡ್‌ನಿಂದ, ಅಳತೆ ಏರುಪೇರಾಗದಂತೆ ಟಿಸಾಬ್ ಎಂಬ ಬಫರ್ ದ್ರಾವಣ ಹಾಕಿ ಮಾಡಿಸಿ. ಮಾದರಿ ತುಂಬುವುದು ಪಾಲಿಥಿನ್ ಬಾಟಲಿಯಲ್ಲಿ, ಗಾಜಿನಲ್ಲಿ ಬೇಡ. ಬಟ್ಟಿ ಇಳಿಸಿದ ನೀರಿಗೆ ಸೋಡಿಯಂ ಫ್ಲೋರೈಡ್ ಬೆರೆಸಿ ಮಾಡಿದ ಮಾದರಿಗಳಲ್ಲಿ ಎಲ್ಲ ಕಿಟ್‌ಗಳೂ ಪಾಸಾಗುತ್ತವೆ. ಸೋಲುವುದು ನಿಜವಾದ ನೀರಿನಲ್ಲಿ. ಬಣ್ಣ ಬದಲಾಗುವ ರಾಸಾಯನಿಕದ ಮೇಲೆ ನಿಂತ ಕಿಟ್‌ಗಳಿಗೆ ಕ್ಷಾರ ಹೆಚ್ಚಿರುವ ಕೊಳವೆಬಾವಿ ನೀರು, ಕ್ಲೋರಿನ್ ಹಾಕಿದ ಓವರ್‌ಹೆಡ್ ಟ್ಯಾಂಕಿನ ನೀರು, ಆಲಂ (ಪಟಿಕ) ಹಾಕಿದ ನೀರು, ಮೂರೂ ಕಂಟಕ. ಆಲಂನ ಅಲ್ಯೂಮಿನಿಯಂ ಫ್ಲೋರೈಡನ್ನು ಕಟ್ಟಿಹಾಕಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಇದೇ ಅಪಾಯದ ತಪ್ಪು. ಆದ್ದರಿಂದ ಅರ್ಧ ಮಾದರಿಯಾದರೂ ಊರುಗಳಿಂದ ತಂದದ್ದಾಗಿರಲಿ.

ಬಾಟಲಿಗಳಿಗೆ ಸಂಕೇತ ಸಂಖ್ಯೆ ಅಂಟಿಸುವವರು ತೀರ್ಪುಗಾರರೂ ಆಗಿರಬಾರದು, ತಂಡದವರೂ ಆಗಿರಬಾರದು. ಕಿಟ್ ಓಡಿಸುವವರು ಮೂರು ಪಂಚಾಯಿತಿಯ ನೀರುಗಂಟಿಗಳು. ಅವರಿಗೆ ತಂಡ ಅರ್ಧ ಗಂಟೆ ತರಬೇತಿ ಕೊಟ್ಟು ಕೋಣೆಯಿಂದ ಹೊರಗೆ ಹೋಗಬೇಕು. ಹೊರಗೆ ಎಂದರೆ ಹೊರಗೆ. ಬಾಗಿಲಲ್ಲಿ ನಿಂತು ‘ಅಣ್ಣಾ, ಇನ್ನೊಂದು ಸಲ ಅಲ್ಲಾಡಿಸಿ’ ಎನ್ನುವಂತಿಲ್ಲ. ಬಣ್ಣ ಹೋಲಿಸುವ ಕಿಟ್ ಆದರೆ ಬಿಸಿಲಿನಲ್ಲೊಮ್ಮೆ, ಟ್ಯೂಬ್‌ಲೈಟ್ ಕೆಳಗೊಮ್ಮೆ ಓದಿಸಿ. ಕೆಂಪು–ಹಸಿರು ಗುರುತಿಸಲಾಗದ ದೃಷ್ಟಿದೋಷ ಗಂಡಸರಲ್ಲಿ ಅಪರೂಪವೇನಲ್ಲ, ಅದಕ್ಕೂ ದಾರಿ ಕೇಳಿ. ರಾಸಾಯನಿಕದ ಬಾಟಲಿ 40 ಡಿಗ್ರಿಯಲ್ಲಿ ಎಷ್ಟು ತಿಂಗಳು ಬಾಳುತ್ತದೆ, ಒಂದು ಪರೀಕ್ಷೆಗೆ ತಗಲುವ ಸಾಮಗ್ರಿ ಎಷ್ಟು ರೂಪಾಯಿ, ಉಳಿದ ಆಮ್ಲೀಯ ನೀರನ್ನು ಎಲ್ಲಿ ಚೆಲ್ಲಬೇಕು, ಇವೂ ಷರತ್ತಿನಲ್ಲಿ ಬರಲಿ.

ಸಮಯ: ನಿಯಮ ಬರೆಯಲು 2 ತಿಂಗಳು, ಅರ್ಜಿಗೆ 2, ಕಿಟ್‌ನ ಮೊದಲ ಮಾದರಿಗೆ 4, ಪ್ರಯೋಗಾಲಯಕ್ಕೆ 1, ತಿದ್ದಿಕೊಳ್ಳಲು 4, ಊರುಗಳಲ್ಲಿ 2, ಲೆಕ್ಕ–ತೀರ್ಪಿಗೆ 1. ಒಟ್ಟು 16 ತಿಂಗಳು. ಒಂದು ಹಣಕಾಸು ವರ್ಷ ಮೀರುತ್ತದೆ, ಹಾಗಾಗಿ ನಿಮ್ಮ ಆಡಳಿತ ಮಂಡಳಿ ಇದನ್ನು ಆರಂಭದಲ್ಲೇ ‘ಮುಂದುವರಿಯುವ ಯೋಜನೆ’ ಎಂದು ನಿರ್ಣಯಿಸಬೇಕು. ಮಾರ್ಚ್ 31ಕ್ಕೆ ಖರ್ಚಾಗದೆ ಉಳಿದದ್ದನ್ನು 30 ದಿನದೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಬೇಕು, ಮೂರು ಹಣಕಾಸು ವರ್ಷದೊಳಗೆ ಮುಗಿಸಬೇಕು. ಇದನ್ನು ಮರೆತ ಕಂಪನಿಗಳೇ ಮಾರ್ಚ್ ಕೊನೆಯ ವಾರದಲ್ಲಿ ಗಡಿಬಿಡಿಯಿಂದ ‘ವಿಜೇತರ’ನ್ನು ಹುಡುಕುವುದು. ಲಾಭಕ್ಕಾಗಿ ನಡೆಯುವ ಸ್ಟಾರ್ಟಪ್‌ಗೆ ಸಿಎಸ್‌ಆರ್ ಹಣವನ್ನು ನೇರ ಕೊಡುವುದು ತೊಡಕು. ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಹೊಸ ಕಂಪನಿಗಳನ್ನು ಬೆಳೆಸುವ, ಸರ್ಕಾರದ ನೆರವಿನ ಇನ್‌ಕ್ಯುಬೇಟರ್‌ಗಳಿಗೆ ಕೊಡುವ ದಾರಿ ಇದೆ. ನಿಮ್ಮ ವಿಷಯಕ್ಕೆ ಜಿಕೆವಿಕೆ ಆವರಣದ ಸಿ–ಕ್ಯಾಂಪ್‌ನಂಥ ಸಂಸ್ಥೆಯನ್ನು ಮೊದಲು ಮಾತಾಡಿಸಿ. ಆಡಳಿತ ವೆಚ್ಚದ ಮಿತಿ ಕಂಪನಿಯ ಆ ವರ್ಷದ ಒಟ್ಟು ಸಿಎಸ್‌ಆರ್ ಖರ್ಚಿನ ಶೇ 5. ಪ್ರಯೋಗಾಲಯದ ಪರೀಕ್ಷೆ ಯೋಜನೆಯದೇ ವೆಚ್ಚ, ಅದನ್ನು ಆಡಳಿತದ ತಲೆಗೆ ಕಟ್ಟಬೇಡಿ.

ಪ್ರ: ನಮ್ಮ ಎಂಜಿನಿಯರಿಂಗ್ ಕಾಲೇಜಿನ ಸ್ಪರ್ಧೆಯಲ್ಲಿ ವಾಯುಮಾಲಿನ್ಯ ಅಳೆಯುವ ಅಗ್ಗದ ಸೆನ್ಸರ್‌ಗಳೇ ಹೆಚ್ಚು. ಎಲ್ಲರೂ ‘ಶೇ 95 ನಿಖರತೆ’ ಎನ್ನುತ್ತಾರೆ. ಯಾರನ್ನು ನಂಬುವುದು? (ಉಪನ್ಯಾಸಕರು, ಯಲಹಂಕ)

ಉ: ಯಾವುದರ ಪಕ್ಕ ಇಟ್ಟು, ಎಷ್ಟು ದಿನ, ಯಾವ ಹವೆಯಲ್ಲಿ ಎಂದು ಹೇಳದ ‘ಶೇ 95’ಕ್ಕೆ ಅರ್ಥವಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಏಜೆನ್ಸಿ 2021ರಲ್ಲಿ ಇಂಥ ಪಿಎಂ 2.5 (ಅತಿ ಸೂಕ್ಷ್ಮ ಧೂಳಿನ ಕಣ) ಸೆನ್ಸರ್‌ಗಳಿಗೆ ಗುರಿಗಳನ್ನು ಪ್ರಕಟಿಸಿದೆ, ಅದನ್ನೇ ಎತ್ತಿಕೊಳ್ಳಿ. ಒಂದೇ ತರಹದ ಮೂರು ಘಟಕಗಳನ್ನು ಮಾನ್ಯ ಮಾಪನ ಯಂತ್ರದ ಪಕ್ಕ 30 ದಿನ ಇಟ್ಟು, 24 ಗಂಟೆಯ ಸರಾಸರಿಗಳನ್ನು ಹೋಲಿಸಬೇಕು, ಆರ್–ಸ್ಕ್ವೇರ್ (ಎರಡರ ಏರಿಳಿತ ಎಷ್ಟು ಹೊಂದುತ್ತದೆ ಎಂಬ ಅಂಕಿ, 1 ಎಂದರೆ ಪೂರ್ತಿ) 0.70 ಅಥವಾ ಹೆಚ್ಚು, ಎರಡನ್ನೂ ಹೋಲಿಸಿ ಎಳೆದ ರೇಖೆಯ ಇಳಿಜಾರು 0.65ರಿಂದ 1.35ರ ಒಳಗೆ, ಅಡ್ಡಛೇದ (ಮಾಪನ ಯಂತ್ರ ಸೊನ್ನೆ ತೋರಿಸುವಲ್ಲಿ ಆ ರೇಖೆಯ ಅಂಕಿ) ಘನ ಮೀಟರ್‌ಗೆ ಋಣ 5ರಿಂದ ಧನ 5 ಮೈಕ್ರೋಗ್ರಾಂ ಒಳಗೆ. ಒಂದೇ ಋತುವಿನಲ್ಲಿ ಮುಗಿಸುವಂತಿಲ್ಲ, ಬೇರೆ ಹವೆಯಲ್ಲಿ ಇನ್ನೊಂದು ಸುತ್ತು ಬೇಕು.

ಬೆಂಗಳೂರಿನಲ್ಲಿ ಎಡವುವುದು ಆರ್ದ್ರತೆಯಲ್ಲಿ. ಈ ಸೆನ್ಸರ್‌ಗಳು ಬೆಳಕು ಚದುರುವುದನ್ನು ನೋಡಿ ಧೂಳು ಎಣಿಸುತ್ತವೆ. ಮಳೆಗಾಲದ ಬೆಳಗ್ಗೆ ಧೂಳಿನ ಕಣ ನೀರು ಹೀರಿ ಊದಿಕೊಂಡಾಗ, ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ. ಮಾರ್ಚ್‌ನಲ್ಲಿ ಗೆದ್ದ ಸೆನ್ಸರ್ ಜುಲೈನಲ್ಲಿ ಸುಳ್ಳು ಹೇಳುವುದು ಇದಕ್ಕೇ. 36 ಗಂಟೆಯ ಸ್ಪರ್ಧೆಯಲ್ಲಿ ಇದನ್ನು ಹಿಡಿಯಲು ಆಗುವುದೇ ಇಲ್ಲ. ಆದ್ದರಿಂದ ಬಹುಮಾನದ ಕಾಲುಭಾಗ ಮಾತ್ರ ಅಂದು ಕೊಡಿ. ಮುಕ್ಕಾಲು ಭಾಗ, ಮಳೆಗಾಲ ಮುಗಿದ ಮೇಲೆ ಇನ್ನೂ ಓಡುತ್ತಿರುವ ಘಟಕಕ್ಕೆ.

ಪ್ರ: ನಾಲ್ಕು ಜನರ ಸ್ಟಾರ್ಟಪ್ ನಮ್ಮದು. ವಾರಕ್ಕೊಂದು ‘ಗ್ರ್ಯಾಂಡ್ ಚಾಲೆಂಜ್’ ಕಣ್ಣಿಗೆ ಬೀಳುತ್ತದೆ. ಯಾವುದಕ್ಕೆ ಕೈ ಹಾಕಬೇಕು, ಯಾವುದನ್ನು ಬಿಡಬೇಕು? (ಎಚ್‌ಎಸ್‌ಆರ್ ಬಡಾವಣೆ)

ಉ: ನಿಯಮಾವಳಿಯಲ್ಲಿ ಮೊದಲು ಹುಡುಕಬೇಕಾದ್ದು ಪರೀಕ್ಷೆಯ ವಿಧಾನ. ಅದಿಲ್ಲದೆ ‘ತೀರ್ಪುಗಾರರ ನಿರ್ಧಾರವೇ ಅಂತಿಮ’ ಎಂದಷ್ಟೇ ಇದ್ದರೆ ಅದು ಭಾಷಣ ಸ್ಪರ್ಧೆ. ಆಮೇಲೆ ಹಕ್ಕಿನ ಸಾಲು. ‘ಸಲ್ಲಿಸಿದ ಎಲ್ಲದರ ಹಕ್ಕು ಆಯೋಜಕರದ್ದು’ ಎಂದಿದ್ದರೆ, ಸೋತವರ ಯೋಚನೆಯನ್ನೂ ಬಾಚಿಕೊಳ್ಳುತ್ತಾರೆ ಎಂದರ್ಥ, ಬಿಟ್ಟುಬಿಡಿ. ಸಾರ್ವಜನಿಕ ಹಣದ ಸ್ಪರ್ಧೆಯಲ್ಲಿ ಗೆದ್ದವರ ಕೋಡ್, ಯಾರು ಬೇಕಾದರೂ ಬಳಸುವಂಥ ಮುಕ್ತ ಪರವಾನಗಿಯಲ್ಲಿ ಬರಬೇಕು ಎಂದು ಕೇಳುವುದು ನ್ಯಾಯವೇ, ಆದರೆ ಅದನ್ನು ಮೊದಲೇ ಹೇಳಿರಬೇಕು. ತಾಂಜಾನಿಯಾದ ಮಕ್ಕಳು ಟ್ಯಾಬ್ಲೆಟ್‌ನಲ್ಲಿ ತಾವೇ ಸ್ವಾಹಿಲಿ ಓದು–ಬರಹ ಕಲಿಯಲೆಂದು ಇಟ್ಟಿದ್ದ 1.5 ಕೋಟಿ ಡಾಲರಿನ ಗ್ಲೋಬಲ್ ಲರ್ನಿಂಗ್ ಎಕ್ಸ್‌ಪ್ರೈಜ್‌ನಲ್ಲಿ ಮುಕ್ತ ಕೋಡ್ ಷರತ್ತಾಗಿಯೇ ಇತ್ತು. ಅದರಲ್ಲಿ 1 ಕೋಟಿ ಡಾಲರಿನ ಮೊದಲ ಬಹುಮಾನವನ್ನು 2019ರಲ್ಲಿ ಎರಡು ತಂಡ ಹಂಚಿಕೊಂಡವು.

ಪೇಟೆಂಟ್ ಯೋಚನೆ ಇದ್ದರೆ ಡೆಮೊ ದಿನಕ್ಕೆ ಮುಂಚೆಯೇ ತಾತ್ಕಾಲಿಕ ಅರ್ಜಿ ಹಾಕಿ. ಆನ್‌ಲೈನ್‌ನಲ್ಲಿ ವ್ಯಕ್ತಿಗೆ, ಸ್ಟಾರ್ಟಪ್‌ಗೆ 1,600 ರೂಪಾಯಿ ಶುಲ್ಕ, ಪೂರ್ಣ ವಿವರ ಸಲ್ಲಿಸಲು 12 ತಿಂಗಳು ಅವಕಾಶ. ವೇದಿಕೆಯ ಮೇಲೆ ವಿವರಿಸಿದ ಮರುದಿನ ಹಾಕಿದರೆ ಹೊಸತನವೇ ಹೋಯಿತು ಎಂಬ ತಕರಾರು ಬರುತ್ತದೆ. ಕೇಂದ್ರ ಸರ್ಕಾರ ಅಧಿಸೂಚಿಸಿದ ಪ್ರದರ್ಶನಗಳಿಗೆ ವಿನಾಯಿತಿ ಇದೆ, ಹೋಟೆಲ್ ಸಭಾಂಗಣದ ಸ್ಪರ್ಧೆಗೆ ಇಲ್ಲ. ಬರೀ ಸಾಫ್ಟ್‌ವೇರ್ ಆದರೆ ನಮ್ಮ ಕಾನೂನಿನಲ್ಲಿ ಅದಕ್ಕಷ್ಟೇ ಪೇಟೆಂಟ್ ಸಿಗುವುದಿಲ್ಲ.

ಲೆಕ್ಕ ಹಾಕುವಾಗ ಇದನ್ನು ನೆನಪಿಡಿ: 2004ರಲ್ಲಿ ಬಾಹ್ಯಾಕಾಶಕ್ಕೆ ಹೋಗಿಬಂದ ಖಾಸಗಿ ನೌಕೆ ಸ್ಪೇಸ್‌ಶಿಪ್‌ಒನ್ ಗೆದ್ದ ಅನ್ಸಾರಿ ಎಕ್ಸ್‌ಪ್ರೈಜ್‌ನ ಮೊತ್ತ 1 ಕೋಟಿ ಡಾಲರ್. ಕಣದಲ್ಲಿದ್ದ ತಂಡಗಳೆಲ್ಲ ಸೇರಿ ಸುರಿದದ್ದು 10 ಕೋಟಿಗೂ ಹೆಚ್ಚು. ಬಹುಮಾನ ಇಟ್ಟವರಿಗೆ ಇದು ಹಬ್ಬ. ನಿಮಗೆ ಹಬ್ಬವಾಗಬೇಕಾದರೆ, ಸೋತರೂ ಆ ಯಂತ್ರಕ್ಕೆ ಬೇರೆ ಗಿರಾಕಿ ಇರಬೇಕು. ಇಲ್ಲವೆಂದಾದರೆ ಮುಂಚಿತ ಹಣ ಕೊಡುವ ಸ್ಪರ್ಧೆಗಳಿಗೆ ಮಾತ್ರ ಹೋಗಿ. ಬಹುಮಾನದ ಮೊತ್ತ ತೆರಿಗೆ ಕಡಿತಕ್ಕೆ ಮುಂಚಿನದೋ ನಂತರದ್ದೋ ಎಂದು ಮೇಲ್ ಹಾಕಿ ಬರವಣಿಗೆಯಲ್ಲೇ ಕೇಳಿ.

ಪ್ರ: ಯಾರೂ ಗೆಲ್ಲದಿದ್ದರೆ ಇಟ್ಟವರ ಮರ್ಯಾದೆ ಏನು? (ವಿಜಯನಗರ)

ಉ: 2004ರ ಮಾರ್ಚ್ 13ರಂದು ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ, ಮೊಹಾವಿ ಮರುಭೂಮಿಯಲ್ಲಿ ಚಾಲಕನಿಲ್ಲದ ವಾಹನಗಳ ಓಟ ಇಟ್ಟಿತು. ದಾರಿ 142 ಮೈಲಿ, ಬಹುಮಾನ 10 ಲಕ್ಷ ಡಾಲರ್. ಎಲ್ಲರಿಗಿಂತ ಮುಂದೆ ಹೋದ ಗಾಡಿ 7.3 ಮೈಲಿಗೇ ಸಿಕ್ಕಿಕೊಂಡಿತು. ನಗೆಪಾಟಲು. ಡಾರ್ಪಾ ಮೊತ್ತವನ್ನು 20 ಲಕ್ಷಕ್ಕೆ ಏರಿಸಿ ಮರುವರ್ಷ ಮತ್ತೆ ಕರೆಯಿತು. 2005ರ ಅಕ್ಟೋಬರ್‌ನಲ್ಲಿ ಐದು ವಾಹನಗಳು 132 ಮೈಲಿ ಪೂರ್ತಿ ಓಡಿದವು, ಸ್ಟ್ಯಾನ್‌ಫರ್ಡ್‌ನ ‘ಸ್ಟ್ಯಾನ್ಲಿ’ ಸುಮಾರು 7 ಗಂಟೆಯಲ್ಲಿ ಮುಗಿಸಿ ಗೆದ್ದಿತು. ಒಂದನೇ ವರ್ಷ ಎಲ್ಲಿ, ಯಾಕೆ ನಿಂತವು ಎಂದು ಎಲ್ಲರಿಗೂ ಗೊತ್ತಿದ್ದದ್ದೇ ಎರಡನೇ ವರ್ಷದ ಬಂಡವಾಳ.

ಇನ್ನೊಂದು ತರಹದ ಸೋಲು ನಮ್ಮ ಊರಿಗೇ ತಟ್ಟಿದ್ದು. ಚಂದ್ರನ ಮೇಲಿಳಿದು 500 ಮೀಟರ್ ಓಡಾಡಿ ವಿಡಿಯೊ ಕಳಿಸುವವರಿಗೆ 2 ಕೋಟಿ ಡಾಲರ್ ಮೊದಲ ಬಹುಮಾನ ಎಂದು 2007ರಲ್ಲಿ ಗೂಗಲ್ ಲೂನಾರ್ ಎಕ್ಸ್‌ಪ್ರೈಜ್ ಶುರುವಾಯಿತು. ಬೆಂಗಳೂರಿನ ಟೀಮ್ ಇಂಡಸ್ ಅಂತಿಮ ಐದರಲ್ಲಿತ್ತು, ಇಳಿಯುವ ತಂತ್ರಜ್ಞಾನಕ್ಕೆ 2015ರಲ್ಲಿ 10 ಲಕ್ಷ ಡಾಲರಿನ ನಡುವಣ ಬಹುಮಾನವನ್ನೂ ಪಡೆದಿತ್ತು. ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಗಿ, ಕೊನೆಗೆ 2018ರ ಮಾರ್ಚ್ 31ಕ್ಕೆ ಯಾರೂ ಹಾರದೆ ಮುಗಿಯಿತು. ಗಾಡಿ ಕಟ್ಟುವುದಷ್ಟೇ ಅಲ್ಲ, ರಾಕೆಟ್ ಟಿಕೆಟ್‌ಗೆ ಹಣ ಹೊಂದಿಸುವುದೂ ತಂಡದ ತಲೆಯ ಮೇಲಿತ್ತು. ನಡುವಣ ಬಹುಮಾನ ಇಟ್ಟದ್ದು ಮಾತ್ರ ಜಾಣತನ. ಕೊನೆ ಮುಟ್ಟದಿದ್ದರೂ ಕಲಿತದ್ದಕ್ಕೆ ಬೆಲೆ ಸಿಕ್ಕಿತು. ನಿಮ್ಮ ಸವಾಲಿನಲ್ಲಿ ತಂಡದ ಕೈಯಲ್ಲಿಲ್ಲದ ಯಾವ ಖರ್ಚು, ಯಾವ ಪರವಾನಗಿ ಅಡಗಿದೆ ಎಂದು ಮೊದಲೇ ಪಟ್ಟಿ ಮಾಡಿ. ನಗರಪಾಲಿಕೆಯ ಕಂಬದ ಮೇಲೆ ಸೆನ್ಸರ್ ಕಟ್ಟಬೇಕಾದರೆ ಕಂಬದ ಅನುಮತಿ ನೀವು ತಂದುಕೊಡಬೇಕು, ತಂಡವಲ್ಲ.

ಮರ್ಯಾದೆ ಹೋಗುವುದು, ಗೆದ್ದವರಿಗೆ ಕೊಡದಿದ್ದರೆ. 1714ರಲ್ಲಿ ಬ್ರಿಟಿಷ್ ಸಂಸತ್ತು ಸಮುದ್ರದ ಮೇಲೆ ರೇಖಾಂಶವನ್ನು ಅರ್ಧ ಡಿಗ್ರಿಯೊಳಗೆ ಕಂಡುಹಿಡಿಯುವವರಿಗೆ 20,000 ಪೌಂಡ್ ಎಂದು ಕಾಯ್ದೆ ಮಾಡಿತು. ಸಮಯದ ವ್ಯತ್ಯಾಸದಿಂದ ರೇಖಾಂಶ ಲೆಕ್ಕ ಹಾಕಲೆಂದು ಬಡಗಿಯ ಮಗ ಜಾನ್ ಹ್ಯಾರಿಸನ್ ಮಾಡಿದ ಗಡಿಯಾರ 1761–62ರ ಜಮೈಕಾ ಪಯಣದಲ್ಲಿ ಆ ಮಿತಿಯೊಳಗೇ ನಡೆಯಿತು. ಆದರೆ ವಿಧಾನ ‘ಬಳಕೆಗೆ ಬರುವಂಥದ್ದು, ಉಪಯುಕ್ತ’ ಆಗಿರಬೇಕು ಎಂದೂ ಕಾಯ್ದೆಯಲ್ಲಿತ್ತು, ಹಾಗೆಂದರೆ ಏನೆಂದು ಬರೆದಿರಲಿಲ್ಲ. ಮಂಡಳಿ ಮತ್ತೊಂದು ಪಯಣ ಕೇಳಿತು, ಒಳಗಿನ ರಚನೆ ಬಿಚ್ಚಿಡು ಎಂದಿತು, ನಕಲು ಮಾಡಿಸು ಎಂದಿತು. ಚಂದ್ರನ ಸ್ಥಾನ ನೋಡಿ ಲೆಕ್ಕ ಹಾಕುವ ಪ್ರತಿಸ್ಪರ್ಧಿ ವಿಧಾನದ ಪ್ರತಿಪಾದಕ ನೆವಿಲ್ ಮಾಸ್ಕಲೀನ್ ಅದೇ ಮಂಡಳಿಯಲ್ಲಿ ಕೂತಿದ್ದ. 1765ರಲ್ಲಿ ಅರ್ಧ ಹಣ, ಉಳಿದದ್ದರಲ್ಲಿ 8,750 ಪೌಂಡ್ 1773ರಲ್ಲಿ ದೊರೆಯೇ ಮಧ್ಯೆ ಬಂದು ಸಂಸತ್ತಿನಿಂದ. ಆಗ ಹ್ಯಾರಿಸನ್‌ಗೆ ಎಂಬತ್ತು. ತೀರ್ಪುಗಾರರಿಂದ ‘ಈ ಕ್ಷೇತ್ರದಲ್ಲಿ ನನಗೆ ಷೇರು, ಪೇಟೆಂಟ್, ಶಿಷ್ಯರ ತಂಡ ಇಲ್ಲ’ ಎಂದು ಸಹಿ ಪಡೆಯುವುದು ಅದಕ್ಕೇ.

ಪ್ರ: ಗೆದ್ದ ಸಾಧನವನ್ನು ಇಲಾಖೆ ಟೆಂಡರ್ ಇಲ್ಲದೆ ಕೊಳ್ಳಬಹುದೇ? (ಹೆಸರು ಬೇಡವೆಂದ ಸರ್ಕಾರಿ ಅಧಿಕಾರಿ)

ಉ: ಬಹುಮಾನ ಗೆದ್ದಿತು ಎಂಬ ಒಂದೇ ಕಾರಣಕ್ಕೆ ಆಗುವುದಿಲ್ಲ. ಸಾರ್ವಜನಿಕ ಖರೀದಿಯ ಪಾರದರ್ಶಕತೆಗೆಂದು ಕರ್ನಾಟಕ ಮಾಡಿದ 1999ರ ಕೆಟಿಪಿಪಿ ಕಾಯ್ದೆಯ 4(ಜಿ) ಅಡಿ ಸರ್ಕಾರ ಅಧಿಸೂಚನೆ ಹೊರಡಿಸಿ ವಿನಾಯಿತಿ ಕೊಡಬಹುದು, ಆದರೆ ಪ್ರತಿ ಖರೀದಿಗೂ ಆ ಬಾಗಿಲು ತಟ್ಟುವುದು ಆರೋಗ್ಯಕರವಲ್ಲ, ಲೆಕ್ಕಪರಿಶೋಧನೆಯಲ್ಲಿ ಮೊದಲ ಕಣ್ಣು ಅದರ ಮೇಲೇ. ಗೆದ್ದ ಸಾಧನದ ಉದ್ದ–ಅಗಲ, ಬ್ರ್ಯಾಂಡ್ ನಕಲು ಮಾಡಿ ಟೆಂಡರ್ ಬರೆದರೆ ಉಳಿದವರು ಕೋರ್ಟಿಗೆ ಹೋಗುತ್ತಾರೆ. ಹಾಗಲ್ಲದೆ, ಸವಾಲಿನ ಪರೀಕ್ಷೆಯನ್ನೇ ಟೆಂಡರ್‌ನ ತಾಂತ್ರಿಕ ಅರ್ಹತೆಯಾಗಿ ಇಡಿ: ಫ್ಲೋರೈಡ್ ಕಿಟ್ ಆದರೆ ಅದೇ 120 ಬಾಟಲಿ, ಅದೇ ಮಿತಿ. ಅದನ್ನು ದಾಟಿದ ಯಾರಾದರೂ ಬೆಲೆ ಹೇಳಲಿ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಮಾನ್ಯತೆ ಪಡೆದ ಸ್ಟಾರ್ಟಪ್‌ಗಳಿಗೆ ಇಎಂಡಿ (ಟೆಂಡರ್ ಹಾಕುವಾಗ ಇಡಬೇಕಾದ ಠೇವಣಿ) ವಿನಾಯಿತಿ ಇದೆ, ಹಿಂದಿನ ವಹಿವಾಟು ಮತ್ತು ಅನುಭವದ ಷರತ್ತನ್ನೂ ಗುಣಮಟ್ಟಕ್ಕೆ ಧಕ್ಕೆಯಾಗದಂತೆ ಸಡಿಲಿಸಬಹುದು. ‘ಮೂರು ವರ್ಷ ಇದೇ ಸಾಧನ ಸರಬರಾಜು ಮಾಡಿರಬೇಕು’ ಎಂಬ ಮಾಮೂಲು ಸಾಲನ್ನು ತೆಗೆಯದಿದ್ದರೆ, ಹಿಂದಿನ ತಿಂಗಳು ಹುಟ್ಟಿದ ಸಾಧನ ಟೆಂಡರ್‌ಗೆ ಬರುವುದಾದರೂ ಹೇಗೆ?

ಇನ್ನೂ ಮೇಲು, ಖರೀದಿಯನ್ನು ಸವಾಲಿನ ಘೋಷಣೆಯಲ್ಲೇ ಸೇರಿಸುವುದು. 2020ರ ಕೋವಿಡ್ ಕಾಲದಲ್ಲಿ ಕೇಂದ್ರದ ಮಾಹಿತಿ ತಂತ್ರಜ್ಞಾನ ಸಚಿವಾಲಯ ದೇಶಿ ವಿಡಿಯೊ ಕಾನ್ಫರೆನ್ಸ್ ಸಾಫ್ಟ್‌ವೇರ್‌ಗೆ ಸ್ಪರ್ಧೆ ಇಟ್ಟಾಗ, ಗೆದ್ದ ಆಲಪ್ಪುಳದ ಟೆಕ್‌ಜೆನ್ಷಿಯಾ ಕಂಪನಿಗೆ 1 ಕೋಟಿ ರೂಪಾಯಿ ಜತೆ ನಿರ್ವಹಣೆಗೆಂದು ಮೂರು ವರ್ಷ ತಲಾ 10 ಲಕ್ಷ ಇತ್ತು. ಆ ಸಣ್ಣ ಮೊತ್ತವೇ ನಮಗೆ ದೊಡ್ಡದಾಗಿ ಕಾಣುತ್ತದೆ. ಸಾಧನ ಕೆಟ್ಟಾಗ ಫೋನ್ ಎತ್ತುವವರು ಇರುತ್ತಾರೆ.

ಪ್ರ: ರಸ್ತೆ ಗುಂಡಿ ಗುರುತಿಸುವ ಸ್ಪರ್ಧೆಗೆ ನಮ್ಮ ಬಸ್ಸುಗಳ ಕ್ಯಾಮೆರಾ ವಿಡಿಯೊ ಕೊಡಬೇಕೆಂದಿದ್ದೇವೆ. ತೊಂದರೆ ಇದೆಯೇ? (ಖಾಸಗಿ ಸಾರಿಗೆ ಸಂಸ್ಥೆ, ಯಶವಂತಪುರ)

ಉ: ಇದೆ. ನೆಟ್‌ಫ್ಲಿಕ್ಸ್ 2006ರಲ್ಲಿ 10 ಲಕ್ಷ ಡಾಲರಿನ ಸ್ಪರ್ಧೆಗೆಂದು ಗ್ರಾಹಕರ ಹೆಸರು ತೆಗೆದು ಹತ್ತು ಕೋಟಿ ರೇಟಿಂಗ್ ಕೊಟ್ಟಿತ್ತು. ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು ಬೇರೆ ಜಾಲತಾಣದ ವಿಮರ್ಶೆಗಳ ಜತೆ ತಾಳೆ ನೋಡಿ ಕೆಲವರನ್ನು ಗುರುತಿಸಿಯೇ ಬಿಟ್ಟರು. ಎರಡನೇ ಸ್ಪರ್ಧೆ 2010ರಲ್ಲಿ ರದ್ದಾಯಿತು. ನಿಮ್ಮ ವಿಡಿಯೊದಲ್ಲಿ ಮುಖ, ನಂಬರ್ ಪ್ಲೇಟ್, ಯಾರದೋ ಮನೆ ಬಾಗಿಲು ಇದೆ. 2023ರ ವೈಯಕ್ತಿಕ ದತ್ತಾಂಶ ಕಾಯ್ದೆಯೂ ಇದೆ. ಮುಖ ಮತ್ತು ಪ್ಲೇಟ್ ಮಸುಕು ಮಾಡಿದ ಚಿಕ್ಕ ಕಂತನ್ನು ಅಭ್ಯಾಸಕ್ಕೆ ಕೊಡಿ. ಮುಖ್ಯ ದತ್ತಾಂಶ ನಿಮ್ಮ ಸರ್ವರ್‌ನಲ್ಲೇ ಇರಲಿ, ತಂಡಗಳು ಕೋಡ್ ಕಳಿಸಲಿ, ನೀವು ಓಡಿಸಿ ಅಂಕ ತಿಳಿಸಿ. ದಿನಕ್ಕೆ ಒಂದೇ ಸಲ ಅವಕಾಶ ಕೊಡಿ. ಮನಬಂದಷ್ಟು ಸಲ ಬಿಟ್ಟರೆ ಗುಂಡಿ ಹುಡುಕುವುದನ್ನು ಬಿಟ್ಟು ನಿಮ್ಮ ಉತ್ತರ ಪತ್ರಿಕೆಯನ್ನೇ ಊಹಿಸತೊಡಗುತ್ತಾರೆ. ಅಂತಿಮ ಅಂಕಕ್ಕೆ ಯಾರೂ ನೋಡಿರದ ರಸ್ತೆ ಬೇಕು, ಮಳೆ ನೀರು ತುಂಬಿದ ಗುಂಡಿಯೂ ಇರಬೇಕು. ಬಿಸಿಲಿನ ಗುಂಡಿ ಎಲ್ಲರಿಗೂ ಕಾಣುತ್ತದೆ.

ಪ್ರ: ಅರ್ಜಿಯನ್ನು ಕನ್ನಡದಲ್ಲಿ ಕರೆಯಬೇಕೇ? (ರಾಮನಗರ)

ಉ: ಕರೆಯಿರಿ. ಮೋಟಾರ್ ರಿವೈಂಡಿಂಗ್ ಅಂಗಡಿಯವರು, ಹಾಲಿನ ಡೇರಿಯ ಕಾರ್ಯದರ್ಶಿ ಇವರೆಲ್ಲ ಇಂಗ್ಲಿಷಿನ 20 ಪುಟದ ಸ್ಲೈಡ್ ಮಾಡುವುದಿಲ್ಲ. ಎರಡು ಪುಟ, ಒಂದು ಕೈಚಿತ್ರ, ಮೂರು ನಿಮಿಷದ ಫೋನ್ ವಿಡಿಯೊ ಸಾಕು. ತೀರ್ಪುಗಾರರಲ್ಲೂ ಕನ್ನಡ ಓದುವವರು ಇರಬೇಕೆಂದು ಬೇರೆ ಹೇಳಬೇಕಿಲ್ಲ, ಆದರೂ ಹೇಳಿದ್ದೇವೆ.

ಪ್ರ: ನಮ್ಮ ಅಪಾರ್ಟ್‌ಮೆಂಟಿನಲ್ಲಿ 220 ಮನೆ. ಟ್ಯಾಂಕರ್ ಖರ್ಚು ಇಳಿಸುವ ಹೊಸ ಉಪಾಯಕ್ಕೆ 1 ಲಕ್ಷ ರೂಪಾಯಿ ಬಹುಮಾನ ಘೋಷಿಸಲು ಸಂಘ ಒಪ್ಪಿದೆ. ನಿಯಮ ಬರೆದುಕೊಡುವಿರಾ? (ಬೆಳ್ಳಂದೂರು ಕಡೆಯವರು)

ಉ: ಬರೆದುಕೊಡುವುದಿಲ್ಲ. ಉಪಾಯ ಅಂಗಡಿಯಲ್ಲಿ ಸಿಗುತ್ತಿರುವಾಗ ಬಹುಮಾನ ಯಾಕೆ? ನಲ್ಲಿಯ ಬಾಯಿಗೆ ಹಾಕಿ ಹರಿವು ತಗ್ಗಿಸುವ ಏರೇಟರ್‌ಗಳನ್ನು ಜಲಮಂಡಳಿ 2024ರ ಬರದಲ್ಲೇ ಕಡ್ಡಾಯ ಮಾಡಿತ್ತು. 10 ಲೀಟರಿನ ಬಕೆಟ್ ಇಟ್ಟು, ಫೋನಿನಲ್ಲಿ ಸಮಯ ನೋಡಿ. ಒಂದು ನಿಮಿಷದೊಳಗೆ ತುಂಬಿದರೆ ಆ ನಲ್ಲಿಗೆ ಬೇಕು. ಕೊಳವೆಬಾವಿಯ ಗಡಸು ನೀರಿಗೆ ಜಾಲರಿ ಕಟ್ಟಿಕೊಳ್ಳುತ್ತದೆ, ತಿಂಗಳಿಗೊಮ್ಮೆ ಬಿಚ್ಚಿ ರಾತ್ರಿಯಿಡೀ ನಿಂಬೆರಸದಲ್ಲೋ ವಿನೆಗರ್‌ನಲ್ಲೋ ನೆನೆಸಿಡಬೇಕು. ಇದನ್ನು ಮಾಡದವರೇ ‘ನೀರೇ ಬರುತ್ತಿಲ್ಲ’ ಎಂದು ಕಿತ್ತೆಸೆಯುವುದು.

ನಿಮ್ಮ ನಿಜವಾದ ತೊಡಕು ಮನೆಮನೆಗೆ ನೀರಿನ ಮೀಟರ್ ಹಾಕುವುದು ಇರಬಹುದು. ಹಳೆಯ ಕಟ್ಟಡಗಳಲ್ಲಿ ಪ್ರತಿ ಬಚ್ಚಲಿಗೂ, ಅಡುಗೆಮನೆಗೂ ಬೇರೆ ಬೇರೆ ಪೈಪ್ ಇಳಿದಿರುತ್ತದೆ, ಒಂದು ಮನೆಗೆ ನಾಲ್ಕೈದು ಮೀಟರ್ ಬೇಕಾಗುತ್ತದೆ. ಇದಕ್ಕೂ ಮಾರುವವರಿದ್ದಾರೆ. ಮೂವರನ್ನು ಕರೆದು, ಒಂದೊಂದು ಬ್ಲಾಕಿನಲ್ಲಿ 60 ದಿನ ಹಾಕಿಸಿ. ಆ ಬ್ಲಾಕಿನ ಎಲ್ಲ ಮೀಟರ್‌ಗಳ ಮೊತ್ತ, ಓವರ್‌ಹೆಡ್ ಟ್ಯಾಂಕಿನ ಕೆಳಗೆ ಹಾಕಿದ ದೊಡ್ಡ ಮೀಟರ್‌ಗಿಂತ ಶೇ 5ರಷ್ಟು ಆಚೀಚೆ ಇದ್ದರೆ ಸರಿ. ಅದಕ್ಕಿಂತ ಕಡಿಮೆ ಬಂದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಸಣ್ಣ ಹರಿವನ್ನು ಮೀಟರ್ ಎಣಿಸುತ್ತಿಲ್ಲ. ರಾತ್ರಿ 2ರಿಂದ 4ರ ತನಕ ದೊಡ್ಡ ಮೀಟರ್ ತಿರುಗುತ್ತಿದೆಯೇ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ. ಆ 1 ಲಕ್ಷ ಮೊದಲ ಬ್ಲಾಕಿನ ದೊಡ್ಡ ಮೀಟರ್‌ಗೂ ಪ್ಲಂಬರ್ ಕೂಲಿಗೂ ಹೋಗಲಿ.